ಭಾವನ ಕಾರಿಗೆ ಅಕ್ಕನ ಕಿವಿ

ನನಗೂ ಕಾರುಗಳಿಗೂ ಅಷ್ಟಕ್ಕಷ್ಟೆ. ಆದರೂ ನಮ್ಮ ಭಾವನ ಹಳೆಯ ಕಾರಿನ ಕತೆಯನ್ನು ನನಗಿಂತ ಚೆನ್ನಾಗಿ ಯಾರೂ ಹೇಳಲಾರರು. ಅವರ ಶೆಡ್ಡಿನ ಮೇಲಿನ ಕೋಣೆಯೇ ನನ್ನದು. ಕೆಳಗೆ ಇಂಜಿನ್ ಕೆಮ್ಮಿದರೆ ಮೇಲೆ ನನ್ನ ಮಂಚ ನಡುಗುತ್ತದೆ.

ಭಾವ ಕಾರ್ಖಾನೆಯಲ್ಲಿ ಲೇತ್ ನಡೆಸುವವರು. ಆ ಕಾರಿಗೆ ಟರ್ಬೊ ಕೂರಿಸಿದ್ದೂ ಅವರೇ. ಟರ್ಬೊ ಎಂದರೆ ನನಗೆ ತಿಳಿದಷ್ಟು ಇಷ್ಟು: ಇಂಜಿನ್ ಹೊರಗೆ ಬಿಡುವ ಹೊಗೆ ಒಂದು ಪುಟ್ಟ ಫ್ಯಾನನ್ನು ತಿರುಗಿಸುತ್ತದೆ, ಆ ಫ್ಯಾನು ಇಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಪೆಟ್ರೋಲ್ ಹೆಚ್ಚು ಕೊಡಬೇಕು, ಕಿಡಿ ಹಾರುವ ಗಳಿಗೆಯನ್ನೂ ಹೊಂದಿಸಬೇಕು. ಇದನ್ನೆಲ್ಲ ಲ್ಯಾಪ್‌ಟಾಪ್ ಇಟ್ಟುಕೊಂಡು ಸರಿಮಾಡುವುದೇ ಟ್ಯೂನಿಂಗ್. ಕಿಡಿ ಅವಸರಪಟ್ಟು ಹಾರಿತೋ, ಡಬ್ಬಿಯಲ್ಲಿ ಸಣ್ಣ ಕಲ್ಲು ಕುಲುಕಿದಂಥ ಸದ್ದು ಬರುತ್ತದೆ. ನಾಕಿಂಗ್ ಎನ್ನುತ್ತಾರೆ ಅದಕ್ಕೆ. ಕೇಳಿದ ತಕ್ಷಣ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು, ಇಲ್ಲದಿದ್ದರೆ ಪಿಸ್ಟನ್ ತೂತಾಗುತ್ತದೆ.

ಭಾವ ಹಾಗೆ ಎರಡು ಇಂಜಿನ್ ಹಾಳುಮಾಡಿದ್ದರು. ಎರಡನೆಯದು ಹೋದ ದಿನ ಅಕ್ಕನೂ ನಾನೂ ಕಾರಿನಲ್ಲೇ ಇದ್ದೆವು. ಅದೇನು ಕಲ್ಲು ಕುಲುಕಿದ ಸದ್ದು ಎಂದು ಅಕ್ಕ ಕೇಳಿದಳು. ಯಾವ ಸದ್ದು ಎಂದರು ಭಾವ. ಹಿಂದಿನ ಸೀಟಿನಲ್ಲಿದ್ದ ನನಗೇ ಕೇಳಿಸಿತ್ತು! ಮುಂದಿನ ತಿರುವು ದಾಟುವುದರೊಳಗೆ ಹೊಗೆ ಕಾರಿ ಕಾರು ನಿಂತಿತು. ಮನೆಯವರೆಗೆ ನಡೆದೇ ಬಂದೆವು, ನನ್ನ ಹೊಸ ಚಪ್ಪಲಿಯ ಗತಿ ಕೇಳಬೇಡಿ.

ಅಕ್ಕನಿಗೆ ಅಂದೇ ಭಾವನ ಕಿವಿಯ ಮೇಲೆ ಅನುಮಾನ ಬಂತು. ಅವಳ ಉದ್ಯೋಗವೇ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷಿಸುವುದು. ಗಾಜಿನ ಗೂಡಿನೊಳಗೆ ಕೂತವರಿಗೆ ಹೆಡ್‌ಫೋನ್ ಹಾಕಿ, ತಾನು ಹೊರಗೆ ಕೂತು ಗುಂಡಿ ಒತ್ತುತ್ತಾಳೆ. ಸದ್ದು ಕೇಳಿಸಿದಾಗ ಅವರು ಕೈ ಎತ್ತಬೇಕು. ಭಾವನ ಕಾರ್ಖಾನೆಯವರೆಲ್ಲ ವರ್ಷಕ್ಕೊಮ್ಮೆ ಅವಳ ಮುಂದೆ ಕೂರಲೇಬೇಕು. ಭಾವ ಪ್ರತಿ ಸಲವೂ ಪಾಸು, ಅದೂ ಎಲ್ಲರಿಗಿಂತ ಚೆನ್ನಾಗಿ. ಆ ವರ್ಷ ಅಕ್ಕ ಒಂದು ಆಟ ಹೂಡಿದಳು. ಗುಂಡಿ ಒತ್ತುವವಳಂತೆ ಭುಜ ಕುಣಿಸಿದಳು, ಒತ್ತಲಿಲ್ಲ. ಭಾವ ಟಣ್ಣನೆ ಕೈ ಎತ್ತಿದರು! ಇಷ್ಟು ವರ್ಷ ಪುಣ್ಯಾತ್ಮ ಕೇಳಿದ್ದು ಸದ್ದನ್ನಲ್ಲ, ನೋಡಿದ್ದು ಹೆಂಡತಿಯ ಭುಜವನ್ನು.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಆ ಸಂಜೆ ಭಾವ ಯಾರೂ ಹೇಳದೆಯೇ ಪಾತ್ರೆಗಳನ್ನೆಲ್ಲ ತೊಳೆದಿಟ್ಟರು. ಅಕ್ಕ ಬೈಯಲಿಲ್ಲ, ಅವಳ ಪಾಲನ್ನೂ ಸೇರಿಸಿ ನಾನೇ ಬೈದೆ. ಅವರು ತಲೆ ತಗ್ಗಿಸಿ, "ಕಿವಿ ಹೋಗಿದೆ ಅಂತ ಒಪ್ಕೊಂಡ್ರೆ ಗಾಡಿ ಮುಟ್ಟೋದನ್ನೂ ಬಿಡಬೇಕಲ್ಲ," ಎಂದರು. ಆಗಲೇ ಮೂರನೆಯ ಇಂಜಿನ್ ಕೂರಿಸಿಯಾಗಿತ್ತು. ಅದನ್ನೂ ಸುಡುವ ಬದಲು ಕಾರನ್ನು ಗುಜರಿಗೆ ಹಾಕುತ್ತೇನೆ ಎಂದವರೇ ಶೆಡ್ಡಿಗೆ ಬೀಗ ಜಡಿದರು. ಮನೆಯಲ್ಲಿ ಅವರ ನಗುವೇ ನಿಂತುಹೋಯಿತು. ಸದ್ದಿಲ್ಲದ ಶೆಡ್ಡಿನ ಮೇಲೆ ನನಗೂ ನಿದ್ದೆ ಹತ್ತದಾಯಿತು, ಹೇಳಿಕೊಳ್ಳಲು ನಾಚಿಕೆ.

ಕೊನೆಗೆ ಅಕ್ಕನೇ ಬೀಗದ ಕೈ ಎತ್ತಿಕೊಂಡಳು. "ನೀವು ಓಡಿಸಿ, ನಾನು ಕೇಳ್ತೀನಿ," ಎಂದಳು. "ಈ ಇಂಜಿನ್ ಉಳಿದ್ರೆ ನೀವು ಗೋಡೆ ಕಡೆ ಮುಖ ಮಾಡಿ ಪರೀಕ್ಷೆಗೆ ಕೂರಬೇಕು. ಒಪ್ಪಿಗೇನಾ?"

ಭಾವ ಒಪ್ಪಿದರು. ಅಕ್ಕನಿಗೋ ಅಲ್ಲಿಯವರೆಗೆ ಪೆಟ್ರೋಲ್ ಹಾಕಿಸುವುದು ಬಿಟ್ಟರೆ ಕಾರಿನ ಬಗ್ಗೆ ಏನೇನೂ ಗೊತ್ತಿರಲಿಲ್ಲ. ಭಾವ ಇಂಜಿನ್ನಿಗೆ ಒಂದು ತಾಮ್ರದ ಕೊಳವೆ ಬಿಗಿದು, ಅದರ ತುದಿಯ ಮೈಕಿನಿಂದ ಅವಳ ಹೆಡ್‌ಫೋನಿಗೆ ತಂತಿ ಎಳೆದರು. ಲ್ಯಾಪ್‌ಟಾಪಿನ ತುಂಬ ಚೌಕಗಳು. ಇಂಜಿನ್ನಿನ ಒಂದೊಂದು ವೇಗಕ್ಕೆ, ಗಾಳಿಯ ಒಂದೊಂದು ಒತ್ತಡಕ್ಕೆ ಒಂದೊಂದು ಚೌಕ, ಅದರಲ್ಲಿ ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಎಂಬ ಅಂಕಿ. ಮೊದಲ ದಿನ ಅಕ್ಕ ಉತ್ಸಾಹದಿಂದ ಪೆಟ್ರೋಲಿನ ಅಂಕಿಗಳನ್ನೆಲ್ಲ ಒಟ್ಟಿಗೆ ಏರಿಸಿಬಿಟ್ಟಳು. ಕಪ್ಪು ಹೊಗೆ ಭುಸ್ಸೆಂದು ಬಂದು ನಾನು ಒಣಹಾಕಿದ್ದ ಬಿಳಿ ಹಾಸಿಗೆ ಬಟ್ಟೆಯ ಮೇಲೆ ಕೂತಿತು. ಅದನ್ನು ಅವಳ ಕೈಯಲ್ಲೇ ಒಗೆಸಿದೆ, ಬಿಡಲಿಲ್ಲ. ಒಗೆಯುತ್ತಲೇ ಅವಳಿಗೆ ಬುದ್ಧಿ ಬಂತಂತೆ: ಒಂದು ಸಲಕ್ಕೆ ಒಂದೇ ಚೌಕ, ಆಮೇಲೆ ಕೇಳು, ಆಮೇಲೆ ಇನ್ನೊಂದು. ಕಿವಿ ಪರೀಕ್ಷೆಯೂ ಹಾಗೇ ಅಲ್ಲವೇ ಎಂದು ತನ್ನನ್ನು ತಾನೇ ಬೈದುಕೊಂಡಳು.

ನಾಕಿಂಗ್ ಕೇಳಿಸಿದರೆ ಅಕ್ಕ ಕೈ ಎತ್ತುವುದು, ಭಾವ ಕಾಲು ತೆಗೆಯುವುದು ಎಂದು ಮಾತಾಯಿತು. ಆಸ್ಪತ್ರೆಯ ಅಭ್ಯಾಸವೇ, ಕೂತ ಜಾಗ ಮಾತ್ರ ಅದಲುಬದಲು. ಒಂದು ಬೆಳಿಗ್ಗೆ ನಡುರಸ್ತೆಯಲ್ಲಿ ಅಕ್ಕ ಕೈ ಎತ್ತಿದಳು, ಭಾವ ಕಾಲು ತೆಗೆದರು, ಹಿಂದಿನ ಬಸ್ಸು ಕಿವಿ ಹರಿಯುವಂತೆ ಹಾರ್ನ್ ಹೊಡೆಯಿತು. ಅಕ್ಕ ಕೈ ಎತ್ತಿದ್ದು ಫುಟ್‌ಪಾತಿನಲ್ಲಿ ಕಂಡ ನರ್ಸಮ್ಮನಿಗೆ! ಅಂದಿನಿಂದ ಕಾರು ಹತ್ತಿದ ಕೂಡಲೇ ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದಳು. ಗುರುತಿನವರೆಲ್ಲ ಅವಳಿಗೆ ಜಂಬ ಬಂದಿದೆ ಎಂದುಕೊಂಡರು.

ಪೂರ್ತಿ ಒತ್ತಡದಲ್ಲಿ ಓಡಿಸಿ ನೋಡಲು ಊರಾಚೆ ಹಿಂದೆ ವಿಮಾನ ಇಳಿಯುತ್ತಿದ್ದ ಉದ್ದನೆಯ ಪಟ್ಟಿಗೆ ಹೋದೆವು. ಕಾರು ಕ್ಲಬ್ಬಿನವರು ರಜೆಯ ದಿನ ಅದನ್ನು ಬಿಟ್ಟುಕೊಡುತ್ತಾರೆ. ಹಿಂದಿನ ಸೀಟಿನಲ್ಲಿ ತೂಕಕ್ಕೆ ನಾನು. ಕಾರು ಬಿಟ್ಟ ಬಾಣದಂತೆ ಹೊರಟಿತು. ಅರ್ಧ ದಾರಿಯಲ್ಲಿ ತೊಡೆಯ ಕೆಳಗಿನ ಕೈ ಮೇಲೆದ್ದಿತು. ನನಗೇನೂ ಕೇಳಿಸಿರಲಿಲ್ಲ. ಭಾವನಿಗೂ ಕೇಳಿಸಿರಲಿಲ್ಲ, ಆದರೂ ಮರುಮಾತಿಲ್ಲದೆ ಕಾಲು ತೆಗೆದರು. ಅಕ್ಕ ಒಂದೇ ಒಂದು ಚೌಕದಲ್ಲಿ ಕಿಡಿಯನ್ನು ಚೂರು ತಡಮಾಡಿದಳು. "ಈಗ ಹೋಗ್ರೀ," ಎಂದಳು.

ಈ ಸಲ ಬೆನ್ನು ಸೀಟಿಗೆ ಅಂಟಿಕೊಂಡಿತು. ಟರ್ಬೊ ಶಿಳ್ಳೆ ಹಾಕಿತು. ಅಕ್ಕ ಕಣ್ಣು ಮುಚ್ಚಿ, ಮೈಯೆಲ್ಲ ಕಿವಿಯಾಗಿ ಕೂತಿದ್ದಳು. ಪಟ್ಟಿಯ ಕೊನೆ ಬಂದರೂ ಕೈ ಏಳಲಿಲ್ಲ. ಕಾರು ನಿಂತಾಗ ಅಕ್ಕ ಕಣ್ಣು ತೆರೆದು ಎರಡೂ ಕೈ ಮೇಲೆತ್ತಿ ಕೂಗಿದಳು. ಭಾವ ಸ್ಟೀರಿಂಗಿಗೆ ಹಣೆ ಒತ್ತಿ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ನನಗೂ ಅಳು ಬಂತು, ಪೆಟ್ರೋಲ್ ವಾಸನೆಗೆ ಎಂದೆ.

ಕೊಟ್ಟ ಮಾತಿನಂತೆ ಭಾವ ಗೋಡೆಗೆ ಮುಖ ಮಾಡಿ ಪರೀಕ್ಷೆಗೆ ಕೂತರು. ಸಣ್ಣ ಸದ್ದುಗಳಲ್ಲಿ ಬಹಳಷ್ಟಕ್ಕೆ ಅವರ ಕೈ ಏಳಲೇ ಇಲ್ಲವಂತೆ. ಎರಡೂ ಕಿವಿಗೆ ಯಂತ್ರ ಬಂತು. ಮೊದಲ ದಿನ ಅವರು ಹೆಂಡತಿಗೆ ಹೇಳಿದ್ದು, "ನೀನು ಅಡುಗೆಮನೆಯಲ್ಲಿ ಹಾಡ್ಕೋತೀಯ ಅಂತ ಗೊತ್ತೇ ಇರಲಿಲ್ಲ ಕಣೆ," ಎಂದು.

ಮುಂದಿನ ರಜೆಗೆ ಮತ್ತೆ ಅದೇ ಪಟ್ಟಿಗೆ ಹೋದೆವು. ಕಾರು ಹತ್ತುವಾಗ ಅಕ್ಕ ಹೆಡ್‌ಫೋನನ್ನು ಗಂಡನ ಕೈಗಿಟ್ಟಳು. ಇನ್ನು ನಿಮಗೇ ಕೇಳಿಸುತ್ತದಲ್ಲ, ನನ್ನ ಕೆಲಸ ಮುಗಿಯಿತು ಎಂದಳು. ಹಾಗೆನ್ನುವಾಗ ಅವಳ ದನಿ ಸ್ವಲ್ಪ ಸಪ್ಪೆಯಾಗಿತ್ತು. ಭಾವ ಹೆಡ್‌ಫೋನನ್ನು ತಲೆಗೇರಿಸಿ, ಇಂಜಿನ್ ರೇಸ್ ಮಾಡಿ, ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಕೇಳಿದರು.

"ಊಹೂಂ. ಏನೂ ಗೊತ್ತಾಗ್ತಿಲ್ಲ. ಇದು ನಿನ್ನಿಂದಲೇ ಆಗಬೇಕು," ಎಂದು ತೆಗೆದು ಅವಳ ತಲೆಗೇ ಹಾಕಿದರು. ಅಕ್ಕ ಮುಖ ಅರಳಿಸಿಕೊಂಡು ಲ್ಯಾಪ್‌ಟಾಪ್ ತೆರೆದು, ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

ಹಿಂದಿನ ಸೀಟಿನಲ್ಲಿ ನಾನು ಬಾಯೊಳಗೇ, ತುಟಿ ಅಲುಗಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ, "ಕಳ್ಳ ಭಾವ," ಎಂದೆ.

ಭಾವ ಹಿಂದೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟರು.