ರೋಸ್ಮೇರಿ ಟೀಚರ ಮೆಟ್ಟಿಲು

ಜೂನ್‌ನಲ್ಲಿ ಶಾಲೆ ತೆರೆದ ಮೊದಲ ವಾರ ನಾಲ್ಕನೇ ಕ್ಲಾಸಿಗೆ ಪಾಠ ಮಾಡುವುದು ನನ್ನಿಂದಾಗದ ಕೆಲಸ. ಕಾರಣ ನನ್ನ ಮಕ್ಕಳಲ್ಲ, ಪಕ್ಕದ ಕೋಣೆಯ ರೋಸ್ಮೇರಿ ಟೀಚರ್. ನಮ್ಮ ನಡುವೆ ಇರುವುದು ಹಲಗೆಯದೊಂದು ತಡಿಕೆ. ಅದರಾಚೆ ಮೂರನೇ ಕ್ಲಾಸಿನ ಮಕ್ಕಳು "ಟೀಚರ್ ತಪ್ಪು! ಟೀಚರ್ ತಪ್ಪು!" ಎಂದು ಕುಣಿಯುತ್ತಿರುತ್ತಾರೆ. ಇಣುಕಿ ನೋಡಿದರೆ, ಐವತ್ತು ದಾಟಿದ ಈ ಹೆಂಗಸು ಚಪ್ಪಲಿ ಕಾಲಲ್ಲೇ ಒಳಗೆ ನುಗ್ಗಿ, ಚೀಲವನ್ನು ಬೆಂಚಿಗೆ ಎಸೆದು, ಯಾರದೋ ಮಾತಿನ ನಡುವೆ ಬಾಯಿ ಹಾಕುತ್ತಿರುತ್ತಾರೆ.

ಅವರ ಪದ್ಧತಿಯೇ ಹಾಗೆ. ನಿಯಮವನ್ನು ಬರೆದು ತೂಗುಹಾಕುವವರಲ್ಲ. ಮೊದಲು ತಾವೇ ತಪ್ಪು ಮಾಡಿ ತೋರಿಸಬೇಕು, ಮಕ್ಕಳು ತಿದ್ದಬೇಕು, ಆಮೇಲೆ ಎಲ್ಲರೂ ಸರಿಯಾಗಿ ಮಾಡಿ ನೋಡಬೇಕು. ಮರುದಿನ ಮತ್ತೆ ಅದೇ. ನನ್ನ ಕ್ಲಾಸಿನಲ್ಲಿ ನಿಯಮಗಳ ಚಾರ್ಟು ಬಣ್ಣಬಣ್ಣದ ಅಕ್ಷರಗಳಲ್ಲಿ ತೂಗುತ್ತಿದೆ. ಅದರ ಹಿಂದೆ ಹಲ್ಲಿಯೊಂದು ಸುಖವಾಗಿ ಸಂಸಾರ ಮಾಡಿಕೊಂಡಿದೆ, ಅಷ್ಟೇ ಅದರ ಪ್ರಯೋಜನ.

ಗಡಿನಾಡಿನ ಪುತ್ತಿಗೆ ಕಡೆಯ ನಮ್ಮ ಸಣ್ಣ ಶಾಲೆಗೆ ರೋಸ್ಮೇರಿ ಟೀಚರ್ ಕುಂಬಳೆಯಿಂದ ಬಸ್ಸಿನಲ್ಲಿ ಬರುತ್ತಾರೆ. ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ತುಳು, ಆಫೀಸಿನ ಕಾಗದಗಳಿಗೆ ಮಲಯಾಳ, ಕ್ಲಾಸಿನಲ್ಲಿ ಕನ್ನಡ. ಯಾವ ಭಾಷೆಯಲ್ಲೂ ಅವರು ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಅತಿ ಒಳ್ಳೆಯವರನ್ನು ಕಂಡರೆ ನನಗೆ ಸಂಶಯ. ಬಹಳ ಕಾಲ ಇವರ ಮೇಲೂ ಇತ್ತು. ಅದು ಹೋದದ್ದು ವಿಜೇತಾ ಬಂದ ವರ್ಷ.

ವಿಜೇತಾ ಬೇರೆ ಶಾಲೆಯಿಂದ ಮೂರನೇ ಕ್ಲಾಸಿಗೆ ಬಂದ ಹುಡುಗಿ. ಬೆಂಚು ಜಾರಿದ ಸದ್ದಾದರೆ, ಯಾರಾದರೂ ಗಟ್ಟಿಯಾಗಿ ನಕ್ಕರೆ, ಎದ್ದು ಓಡಿಬಿಡುತ್ತಿದ್ದಳು. ಗೇಟಿನಾಚೆ ಇಳಿಜಾರಿನ ರಸ್ತೆ, ಕೆಂಪುಕಲ್ಲು ಹೊತ್ತ ಲಾರಿಗಳು. ಒಂದು ದಿನ ಬ್ರೇಕಿನ ಕಿರುಚು ಕೇಳಿ ನಾವೆಲ್ಲ ಎದ್ದುಬಿದ್ದು ಓಡಿದೆವು. ಹುಡುಗಿ ರಸ್ತೆ ನಡುವೆ ಕಿವಿ ಮುಚ್ಚಿ ನಿಂತಿದ್ದಳು. ಲಾರಿ ಕೈಯಳತೆಯಲ್ಲಿತ್ತು.

ಅಂದಿನಿಂದ ಅವಳ ತಾಯಿ ಸುಂದರಿ ಹತ್ತಿರದ ಅನಂತಪುರದ ಕಾರ್ಖಾನೆ ಕೆಲಸ ಬಿಟ್ಟು ಶಾಲೆಯ ಜಗಲಿಯಲ್ಲಿ ಕಾವಲು ಕೂತಳು. ಮಗಳು ಹೊರಗೆ ಕಾಲಿಟ್ಟರೆ ಸಾಕು, ಮಣಿಕಟ್ಟು ಹಿಡಿಯುವಳು. ಆ ಪುಟ್ಟ ಕೈಯಲ್ಲಿ ಬೆರಳ ಗುರುತು ಮೂಡಿರುತ್ತಿತ್ತು. ಪಿಟಿಎ ಅಧ್ಯಕ್ಷ ಪುರುಷೋತ್ತಮರು, ಗಲ್ಫಿನಿಂದ ಬಂದು ಅಂಗಡಿ ಇಟ್ಟವರು, ನೇರವಾಗಿ ಹೇಳಿದರು: "ನಾಳೆ ಎಂತಾದ್ರೂ ಆದ್ರೆ ಯಾರು ಜವಾಬ್ದಾರಿ ಟೀಚರ್? ಟಿ.ಸಿ. ಕೊಡಿ. ಬೇರೆ ಕಡೆ ನೋಡಿಕೊಳ್ಳಲಿ."

"ಓಣಂ ರಜೆವರೆಗೆ ಬಿಡಿ. ಅವಳಿಗೆ ಓಡ್ಬೇಡ ಅಂತ ಎಲ್ಲರೂ ಹೇಳಿದ್ದಾರೆ. ಎಲ್ಲಿಗೆ ಹೋಗುದು ಅಂತ ಯಾರೂ ಹೇಳ್ಲಿಲ್ಲ" ಎಂದರು ರೋಸ್ಮೇರಿ ಟೀಚರ್.

ಹೊಸ ನಿಯಮ ಹುಟ್ಟಿತು. ತಲೆ ಬಿಸಿಯಾದವರು, ಹೆದರಿದವರು, ಅಳು ಬಂದವರು ಯಾರನ್ನೂ ಕೇಳದೆ ಎದ್ದುಹೋಗಿ ಅಡುಗೆಕೋಣೆಯ ಮೆಟ್ಟಿಲಲ್ಲಿ ಕೂರಬಹುದು. ಯಾರೂ ಹಿಂದೆ ಹೋಗಬಾರದು, ಏನಾಯಿತೆಂದು ಕೇಳಬಾರದು. ಸಾಕೆನಿಸಿದಾಗ ಅವರೇ ಬರಬೇಕು. ನಿಯಮ ವಿಜೇತಾಗೆ ಮಾತ್ರವಲ್ಲ, ಇಡೀ ಕ್ಲಾಸಿಗೆ. ದಿನವೂ ಅಭ್ಯಾಸ ಶುರುವಾಯಿತು. ಟೀಚರ್ ಸೆರಗು ಸಿಕ್ಕಿಸಿಕೊಂಡು ಗೇಟಿನತ್ತ ಓಡುವುದು, ಮಕ್ಕಳು "ಟೀಚರ್, ಮೆಟ್ಟಿಲು!" ಎಂದು ಕೂಗುವುದು, ಅವರು ನಾಲಿಗೆ ಕಚ್ಚಿಕೊಂಡು ತಿರುಗಿ ಬಂದು ಮೆಟ್ಟಿಲಲ್ಲಿ ಕೂರುವುದು. ನಾಟಕ ಸಾಲದೆಂದು, ಕಂಪ್ಯೂಟರಿಗೆ ತುಂಬಿಸಿದ ಮಕ್ಕಳ ವಿವರಗಳೆಲ್ಲ ಅಳಿಸಿಹೋದ ದಿನ ಕೆಂಪು ಮುಖ ಹೊತ್ತು ನಿಜವಾಗಿಯೂ ಹೋಗಿ ಕೂತರು. ಏನಾಯಿತೆಂದು ಮಕ್ಕಳು ಒಬ್ಬರೂ ಕೇಳಲಿಲ್ಲ.

ಕೆಡಿಸಿದ್ದು ಅಡುಗೆಯ ಅಮ್ಮಣಿಯಕ್ಕ. ಮೆಟ್ಟಿಲಲ್ಲಿ ಕೂತ ಮಗುವನ್ನು ಕಂಡರೆ ಅವರ ಕರುಳು ಚುರುಕ್ಕೆನ್ನುತ್ತಿತ್ತು. ಒಂದು ತುಂಡು ಬೆಲ್ಲ ಕೈಗಿಡುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಅರ್ಧ ಕ್ಲಾಸಿಗೆ ತಲೆ ಬಿಸಿ! ಮೆಟ್ಟಿಲಲ್ಲಿ ಜಾಗಕ್ಕೆ ನೂಕುನುಗ್ಗಲು. ಆ ಗದ್ದಲಕ್ಕೆ ವಿಜೇತಾ ಮತ್ತೆ ಗೇಟಿನವರೆಗೆ ಓಡಿದಳು. ನಾನಾದರೆ ಅಮ್ಮಣಿಯಕ್ಕನ ಮೇಲೆ ಹರಿಹಾಯುತ್ತಿದ್ದೆ. ರೋಸ್ಮೇರಿ ಟೀಚರ್ ಅವರನ್ನೇ ಕ್ಲಾಸಿಗೆ ಕರೆದು ಬೆಂಚಿನಲ್ಲಿ ಕೂರಿಸಿ, ಮೊದಲಿನಿಂದ ಅಭ್ಯಾಸ ಮಾಡಿಸಿದರು.

"ಬೆಲ್ಲ ಕೊಡ್ಲಿಕ್ಕಿಲ್ಲ, ನೋಡ್ಲಿಕ್ಕೂ ಇಲ್ಲ. ಎಂಥ ಕಷ್ಟ ಮಾರಾಯ್ರೆ ನಿಮ್ಮ ನಿಯಮ" ಎಂದು ಗೊಣಗಿದರೂ ಅಮ್ಮಣಿಯಕ್ಕ ಕಲಿತರು.

ಓಣಂ ರಜೆಗೆ ಮುಂಚಿನ ಪಿಟಿಎ ಸಭೆ ಮೂರನೇ ಕ್ಲಾಸಿನಲ್ಲೇ ಸೇರಿತು. ವಿಜೇತಾ ತಾಯಿಯ ಪಕ್ಕದಲ್ಲಿದ್ದಳು, ಮಣಿಕಟ್ಟು ತಾಯಿಯ ಮುಷ್ಟಿಯಲ್ಲಿ. ಟಿ.ಸಿ. ವಿಷಯ ಬಂದದ್ದೇ ಮಾತು ಏರಿತು. ಪುರುಷೋತ್ತಮರು ಮೇಜು ಗುದ್ದಿದರು. ವಿಜೇತಾ ದಡಕ್ಕನೆ ಎದ್ದಳು.

ಸುಂದರಿ ಹಿಡಿತ ಬಿಗಿ ಮಾಡಿದಳು.

"ಸುಂದರಿ, ಕೈ ಬಿಡಿ" ಎಂದರು ರೋಸ್ಮೇರಿ ಟೀಚರ್.

"ಟೀಚರ್, ಗೇಟು ತೆರೆದುಂಟು…"

"ಉಂಟು. ನಂಗೆ ಗೊತ್ತುಂಟು. ಬಿಡಿ."

ಆ ತಾಯಿ ಒಂದೊಂದೇ ಬೆರಳು ಸಡಿಲಿಸಿದಳು. ಅಷ್ಟು ಧೈರ್ಯದ ಕೆಲಸವನ್ನು ನಾನು ಕಂಡಿಲ್ಲ. ವಿಜೇತಾ ಜಗಲಿಗೆ ಓಡಿದಳು. ಎಡಕ್ಕೆ ಗೇಟು, ಬಲಕ್ಕೆ ಅಡುಗೆಕೋಣೆ. ರಸ್ತೆಯಲ್ಲಿ ಲಾರಿಯ ಹಾರ್ನ್ ಕೇಳಿಸಿತು. ನಾವೆಲ್ಲ ಕಿಟಕಿಗೆ ಮುಗಿಬಿದ್ದೆವು. ರೋಸ್ಮೇರಿ ಟೀಚರ್ ಮಾತ್ರ ಆ ಕಡೆ ಕಣ್ಣು ಹಾಯಿಸಲಿಲ್ಲ. ಅವರ ಬೆರಳುಗಳು ಸೆರಗಿನ ತುದಿಯನ್ನು ಹಿಂಡುತ್ತಿದ್ದವು.

ಹುಡುಗಿ ಬಲಕ್ಕೆ ತಿರುಗಿದಳು. ಮೆಟ್ಟಿಲಲ್ಲಿ ಕೂತಳು. ಒಳಗೆ ಅಮ್ಮಣಿಯಕ್ಕ ಪಾತ್ರೆ ತೊಳೆಯುತ್ತಲೇ ಇದ್ದರು, ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ವಿಜೇತಾ ಲಂಗ ಕೊಡವಿಕೊಂಡು ಎದ್ದು, ತಾನಾಗಿಯೇ ಬಂದು ಬೆಂಚಿನಲ್ಲಿ ಕೂತಳು.

"ಟಿ.ಸಿ. ಮಾತು ಬಿಡುವ" ಎಂದರು ಪುರುಷೋತ್ತಮರು, ಈ ಸಲ ಮೆಲ್ಲಗೆ.

ಆಗ ಸುಂದರಿ ಎದ್ದಳು. ಯಾರಿಗೂ ಏನೂ ಹೇಳದೆ ಹೊರಗೆ ಹೋಗಿ ಅದೇ ಮೆಟ್ಟಿಲಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೆಗಲು ಅಲುಗುತ್ತಿದ್ದುದು ನಮಗೆ ಇಲ್ಲಿಂದಲೇ ಕಾಣುತ್ತಿತ್ತು. ಪುರುಷೋತ್ತಮರಿಗೆ ತಡೆಯಲಾಗಲಿಲ್ಲ. "ಪಾಪ, ಸ್ವಲ್ಪ ನೀರಾದ್ರೂ ಕೊಟ್ಟು ಬರ್ತೇನೆ" ಎಂದು ಬಾಗಿಲಿನತ್ತ ನಡೆದರು.

ಅವರಿಗಿಂತ ಮುಂಚೆ ವಿಜೇತಾ ಬಾಗಿಲಲ್ಲಿದ್ದಳು, ಎರಡೂ ಕೈ ಅಡ್ಡ ಹಿಡಿದು.

"ಹೋಗ್ಲಿಕ್ಕಿಲ್ಲ ಮಾಮ. ಕೇಳ್ಲಿಕ್ಕೂ ಇಲ್ಲ. ಸಾಕಾದಾಗ ಅಮ್ಮನೇ ಬರ್ತಾರೆ."

ಪುರುಷೋತ್ತಮರು ಹಿಂದೆ ಬಂದು ಬೆಂಚಿನಲ್ಲಿ ಕೂತರು. ನಾವೆಲ್ಲ ಕಾದೆವು.