ಜಗಳೂರಿನವರ ಬಂದೂಕಿನ ಅಳಿಯ

ನಮ್ಮಪ್ಪ ತೀರಿಕೊಂಡಾಗ ತೊಂಬತ್ತರ ಹತ್ತಿರ ಇದ್ದ. ಅಷ್ಟು ವರ್ಷದಲ್ಲಿ ಅವನು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಹೊನ್ನಾಳಿ ಬಸ್ಸು ಹತ್ತಿದರೆ ಕಂಡಕ್ಟರಿಗೆ ಸೆಲ್ಯೂಟ್ ಹೊಡೆದು, "ಪಲ್ಟನ್ ತಯಾರೈತೆ ಸಾಹೇಬ್ರೇ, ಹೊರಡ್ರಿ" ಎನ್ನುತ್ತಿದ್ದ. ಮಕ್ಕಳನ್ನು ಎಬ್ಬಿಸಲು ಸೀಟಿ ಊದುತ್ತಿದ್ದ. ಇಸ್ಪೀಟಿನಲ್ಲಿ ಮೊಮ್ಮಕ್ಕಳಿಗೇ ಮೋಸ ಮಾಡಿ, ಸಿಕ್ಕಿಬಿದ್ದರೆ "ಇದು ಯುದ್ಧತಂತ್ರ" ಎಂದು ಎದೆ ಸೆಟೆಸುತ್ತಿದ್ದ. ಅವನು ಹದಿನೈದು ವರ್ಷ ಸೈನ್ಯದಲ್ಲಿದ್ದದ್ದು ನಿಜ. ಅಲ್ಲಿ ಏನು ಮಾಡುತ್ತಿದ್ದ ಎಂಬುದು ಮಾತ್ರ ನಮ್ಮ ಮನೆಯ ರಕ್ಷಣಾ ರಹಸ್ಯ.

ಅಪ್ಪ ಅಲ್ಲಿ ಅಡುಗೆಯವನು. ಬರೀ ರೊಟ್ಟಿ, ಬೇಳೆ ಮಾಡಿಕೊಂಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಮಿಲಿಟರಿಯವರು ಬೇಳೆಯೊಂದನ್ನೇ ಉಂಡು ಗುಡ್ಡ ಹತ್ತುವುದಿಲ್ಲ. ಕುರಿ ಬೇಯಿಸಬೇಕಿತ್ತು, ಬೇಯಿಸಿದ. ನಮ್ಮದೋ ಕೊರಳಲ್ಲಿ ಲಿಂಗ ಕಟ್ಟಿದ, ಮೊಟ್ಟೆಯ ಹೆಸರನ್ನೂ ಪಿಸುಮಾತಿನಲ್ಲಿ ಹೇಳುವ ಮನೆತನ. ಮದುವೆಯ ಮಾತುಕತೆಗೆ ಜಗಳೂರಿಗೆ ಹೋಗಿದ್ದ ಅಪ್ಪನ ದೊಡ್ಡಪ್ಪನನ್ನು ಹೆಣ್ಣಿನ ಕಡೆಯವರು, "ಹುಡುಗ ಮಿಲಿಟ್ರಿಯಾಗೆ ಏನು ಕೆಲಸ ಮಾಡ್ತಾನ್ರೀ?" ಎಂದು ಕೇಳಿದರು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ಬಂದೂಕು ಹಿಡಿದು ಗಡಿ ಕಾಯ್ತಾನ್ರೀ" ಎಂದುಬಿಟ್ಟರು. ಮನುಷ್ಯರನ್ನು ಕೊಲ್ಲುವ ಹುಡುಗನಿಗೆ ಹೆಣ್ಣು ಕೊಡಲು ಜಗಳೂರಿನವರಿಗೆ ಅಡ್ಡಿಯೇನೂ ಇರಲಿಲ್ಲ. ಕುರಿ ಬೇಯಿಸುವವನು ಎಂದಿದ್ದರೆ ಕುಡಿಯಲು ನೀರೂ ಕೊಡದೆ ಕಳಿಸುತ್ತಿದ್ದರು.

ಮದುವೆಯಾದ ವಾರದಲ್ಲೇ ಅಪ್ಪ ಅವ್ವನಿಗೆ ನಿಜ ಹೇಳಿದ. ಅವ್ವ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ, "ನಮ್ಮಪ್ಪನ ಮನ್ಯಾಗೆ ಮಾತ್ರ ಗೊತ್ತಾಗಬಾರ್ದು" ಎಂದಳು. ಅಲ್ಲಿಂದ ಅಪ್ಪ ಯೋಧನಾದ.

ಆ ಯೋಧನನ್ನು ಸಾಕಿ ಬೆಳೆಸಿದವನು ಅವ್ವನ ತಮ್ಮ, ನನ್ನ ಸೋದರಮಾವ. ಅಪ್ಪ ಕೊಂದ ಶತ್ರುಗಳ ಸಂಖ್ಯೆ ಮಾವನ ಬಾಯಲ್ಲಿ ಪ್ರತಿ ಮದುವೆಗೂ ಏರುತ್ತಿತ್ತು. ಚನ್ನಗಿರಿಯ ಒಂದು ನಿಶ್ಚಿತಾರ್ಥದ ಹೊತ್ತಿಗೆ ಗಡಿಯಾಚೆಯ ಒಂದು ಠಾಣೆಯೇ ಖಾಲಿಯಾಗಿತ್ತು. ಮಾವ ಚಪ್ಪರದಲ್ಲಿ ಇದನ್ನು ವರ್ಣಿಸುತ್ತಿದ್ದಾಗ ಶತ್ರುಸಂಹಾರಿ ಹಿತ್ತಲಲ್ಲಿ ಸೊಂಟಕ್ಕೆ ಟವೆಲ್ ಬಿಗಿದು, ಇನ್ನೂರು ಜನಕ್ಕೆ ಸಾರು ಕುದಿಸುತ್ತ ಅಡುಗೆಯವರನ್ನು ಗದರಿಸುತ್ತಿದ್ದ. "ನಮ್ಮ ಭಾವನೋರ ಶಿಸ್ತು ನೋಡ್ರಿ, ಅಡುಗೆಮನೇನೂ ಬಿಡಲ್ಲ" ಎಂದು ಮೆಚ್ಚಿ ಮಾವ ಎರಡೆರಡು ಸಲ ಸಾರು ಹಾಕಿಸಿಕೊಂಡ.

ಇಷ್ಟು ಚೆಂದವಾಗಿ ನಡೆದದ್ದನ್ನು ಹಾಳು ಮಾಡಿದವಳು ನಾನು. ನಮ್ಮೂರು ನ್ಯಾಮತಿ ತಾಲೂಕಾದ ಹೊಸದರಲ್ಲಿ ಊರಿಗೆ ಎಲ್ಲವೂ ಬೇಕಾಯಿತು: ಬೋರ್ಡು ಬೇಕು, ಫ್ಲೆಕ್ಸು ಬೇಕು, ಒಬ್ಬ ವೀರಯೋಧನೂ ಬೇಕು. ಯಾವುದೋ ಸಂಘದವರು ಬಂದು, ಸನ್ಮಾನ ಮಾಡುತ್ತೇವೆ, ಅಜ್ಜನ ವಿವರ ಕೊಡಿ ಎಂದರು. ನಾನು ಶಾಲೆಯಲ್ಲಿ ಪಾಠ ಹೇಳುವವಳು, ದಾಖಲೆಯೆಂದರೆ ಪ್ರಾಣ. ಟ್ರಂಕಿನಿಂದ ಅಪ್ಪನ ಡಿಸ್ಚಾರ್ಜ್ ಪುಸ್ತಕ ತೆಗೆದು ಜೆರಾಕ್ಸ್ ಮಾಡಿಸಿ ಕೊಟ್ಟೆ. ರಹಸ್ಯ ಗೊತ್ತಿದ್ದವಳಿಗೆ ಒಳಗೆ ಏನು ಬರೆದಿದೆ ಎಂದು ಒಮ್ಮೆ ನೋಡುವಷ್ಟು ಬುದ್ಧಿ ಬರಲಿಲ್ಲ.

ಸಮಾರಂಭಕ್ಕೆ ಮಾವ ಜಗಳೂರಿನಿಂದ ಒಂದು ಟೆಂಪೊ ತುಂಬ ನೆಂಟರನ್ನು ತಂದಿಳಿಸಿದ. ಶಾಲು ಹೊದಿಸುವ ಮುಂಚೆ ನಿರೂಪಕ ಜೆರಾಕ್ಸ್ ನೋಡಿಕೊಂಡು ಮೈಕಿನಲ್ಲಿ ಗಟ್ಟಿಯಾಗಿ ಓದಿದ: "ಹದಿನೈದು ವರ್ಷ ಸೈನ್ಯದಲ್ಲಿ ಅಡುಗೆಯವರಾಗಿ, ಮಾಂಸಾಹಾರ, ಸಸ್ಯಾಹಾರ ಎರಡರಲ್ಲೂ ಪರಿಣತರಾಗಿ..." ವಿಡಿಯೋ ಮಾಡುತ್ತಿದ್ದ ಮಾವ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಅಪ್ಪ ಶಾಲು ಹೊದ್ದು, ಕೈಮುಗಿದು, ಒಂದೂ ತಮಾಷೆ ಮಾಡದೆ ವೇದಿಕೆ ಇಳಿದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಿಜವಾದ ಕಷ್ಟ ಮನೆಯಲ್ಲಿ ಕಾದಿತ್ತು. ನೆಂಟರಿಗೆಂದು ಅಪ್ಪ ಬೆಳಗಿನಿಂದ ನಿಂತು ರೊಟ್ಟಿ, ಎಣ್ಣೆಗಾಯಿ, ಹೋಳಿಗೆ ಮಾಡಿಟ್ಟಿದ್ದ. ಎಲೆ ಹಾಕಿತ್ತು. ಯಾರೂ ಕೂರಲಿಲ್ಲ. ಒಬ್ಬರಿಗೆ ಹೊಟ್ಟೆ ಸರಿಯಿಲ್ಲ, ಇನ್ನೊಬ್ಬರಿಗೆ ಇದ್ದಕ್ಕಿದ್ದಂತೆ ಒಪ್ಪತ್ತು ನೆನಪಾಯಿತು. ಎಷ್ಟೋ ವರ್ಷ ಅದೇ ಕೈಯ ಅಡುಗೆ ಉಂಡು ಡರ್ರನೆ ತೇಗಿದ ಹೊಟ್ಟೆಗಳಿಗೆ ಅಂದು ಒಮ್ಮೆಗೇ ಮಡಿ ಬಂದಿತ್ತು.

"ಟೆಂಪೊದವನಿಗೆ ಹೊತ್ತಾಗೈತೆ ಅಕ್ಕಾ, ಹೊರಡ್ತೀವಿ" ಎಂದ ಮಾವ. ಆಮೇಲೆ ತಡೆಯಲಾರದೆ, "ಇಷ್ಟು ವರ್ಷ ನಮಗೆ ಹಿಂಗೆ ಮಾಡಾಕೆ ನಿನಗೆ ಮನಸ್ಸಾದ್ರೂ ಹೆಂಗೆ ಬಂತು?" ಎಂದ.

ಹೀಗೆ ಹೋದವರು ಮತ್ತೆ ಬರುವವರಲ್ಲ, ಅವ್ವನನ್ನು ಕರೆಯುವವರೂ ಅಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಪ್ಪ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ. "ನೀನೂ ಅವರ ಜೊತೆ ಹೋಗಿ, ನಾಲ್ಕು ದಿನ ಇದ್ದು ಸಮಾಧಾನ ಮಾಡಿ ಬಾ" ಎಂದ ಅವ್ವನಿಗೆ, ಬಹಳ ಸಣ್ಣ ದನಿಯಲ್ಲಿ.

ಗಂಡಸರ ಪಂಕ್ತಿ ಏಳುವ ಮೊದಲು ಅವ್ವ ಎಂದೂ ಎಲೆಯ ಮುಂದೆ ಕೂತವಳಲ್ಲ. ಅಂದು ಸೆರಗು ಸಿಕ್ಕಿಸಿಕೊಂಡು ಬಂದು, ಮೊದಲನೆಯ ಎಲೆಗೆ ನೀರು ಚಿಮುಕಿಸಿ, ಒರೆಸಿ, ಕೂತಳು.

"ಬಡಿಸ್ರೀ" ಎಂದಳು.

ಅಪ್ಪ ಬಡಿಸಿದ. ವಯಸ್ಸಾದ ಇಬ್ಬರು ಹೆಂಗಸರು ಬಂದು ಅವ್ವನ ಪಕ್ಕ ಕೂತರು. ಮಿಕ್ಕವರು ಮಾವನ ಹಿಂದೆ ಹೊರಗೆ ನಡೆದರು. ಟೆಂಪೊ ಸ್ಟಾರ್ಟ್ ಆದದ್ದು ಕೇಳಿಸಿತು. ಅವ್ವ ತಲೆಯೆತ್ತಲಿಲ್ಲ. ರೊಟ್ಟಿ ಮುರಿಯುತ್ತ ಕೇಳಿದಳು, "ಆ ಮಿಲಿಟ್ರಿ ಹುಡುಗ್ರು ನಿಮ್ಮ ಅಡುಗೆ ಉಂಡು ಏನಂತಿದ್ರು?"

ಅಷ್ಟು ವರ್ಷದಲ್ಲಿ ನಮ್ಮಲ್ಲಿ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ನಿಂತ ನಿಲುವಿನಲ್ಲಿ ಕತೆ ಕಟ್ಟುತ್ತಿದ್ದ ಅಪ್ಪ ಸೌಟು ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡ.

"ಇನ್ನೊಂದು ರೊಟ್ಟಿ ಹಾಕು ಅಂತಿದ್ರು" ಎಂದ. "ಊರಿಂದ ಕಾಗದ ಬರದೇ ಇದ್ದೋರು ಒಂದು ಜಾಸ್ತೀನೇ ಉಣ್ತಿದ್ರು."

ಹೊರಗೆ ಟೆಂಪೊದ ಸದ್ದು ತಿರುವು ದಾಟಿ ಕೇಳಿಸದಾಯಿತು.

"ಹಂಗಾದ್ರೆ ನನಗೂ ಇನ್ನೊಂದು ಹಾಕ್ರಿ" ಎಂದಳು ಅವ್ವ.