ದೊಡ್ಡಯ್ಯ ಮುಳುಗಿದ ದಿನ

ಜಕ್ಕೂರಿನ ಮನೆಗಳ ಮುಂದೆ ಇನ್ನೂ ಅವರೆಕಾಯಿ ರಾಶಿ ಬೀಳುತ್ತಿದ್ದ ಕಾಲವದು. ಚಳಿ ಬಂತೆಂದರೆ ಬೀದಿಗೆ ಬೀದಿಯೇ ಸೊಗಡಿನಿಂದ ಘಮ್ಮೆನ್ನುತ್ತಿತ್ತು. ಸ್ಕೂಲಿನಿಂದ ಬಂದ ನಾವು ಜಗಲಿಯ ಮೇಲೆ ಕೂತು ಕಾಯಿ ಸುಲಿಯಬೇಕು; ಸುಲಿದು ಮುಗಿಸಿದ ಮೇಲೆಯೇ ಕುಂಟೆಬಿಲ್ಲೆ ಆಟ. ಬೆರಳ ತುದಿಯ ಆ ಸೊಗಡು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಮಾತ್ರ ನನ್ನ ಕೈಗೆ ಬೇರೆ ವಾಸನೆ ಹತ್ತಿತ್ತು. ಸ್ಪಿರಿಟ್ಟಿನದು, ಆಮೆಯದು.

ಆಮೆಯ ಹೆಸರು ದೊಡ್ಡಯ್ಯ. ನಮ್ಮ ಹೊಲದಲ್ಲಿ ಬಾವಿ ತೋಡಿಸಿದಾಗ, ನೀರು ಚೊಕ್ಕಟವಾಗಿರಲಿ ಎಂದು ತಾತ ಅಂಗೈಯಷ್ಟಗಲದ ಮರಿಯೊಂದನ್ನು ಎಲ್ಲಿಂದಲೋ ತಂದು ಬಿಟ್ಟಿದ್ದನಂತೆ. ಅಪ್ಪ ಹುಟ್ಟಿದ್ದು ಅದಾದ ಮೇಲೆ. "ನಿಮ್ಮಪ್ಪನಿಗಿಂತ ದೊಡ್ಡೋನು ಕಣವ್ವ ಅವ್ನು," ಎನ್ನುತ್ತಿದ್ದಳು ಅಜ್ಜಿ. ಬಾವಿಕಟ್ಟೆಯಿಂದ ಮುದ್ದೆಯ ಚೂರು ಎಸೆದರೆ ಕಪ್ಪು ತಟ್ಟೆಯಂಥದ್ದೊಂದು ಆಳದಿಂದ ಮೆಲ್ಲಗೆ ಮೇಲೇರಿ ಬರುತ್ತಿತ್ತು.

ಆ ವರ್ಷ ಅಪ್ಪ ಹೊಲ ಮಾರಿದ. ಕೊಂಡವರು ಅಪಾರ್ಟ್‌ಮೆಂಟ್ ಕಟ್ಟುವವರು. ಮೊದಲು ಮಾಡಿದ ಕೆಲಸವೇ ಬಾವಿ ಮುಚ್ಚಿದ್ದು. ಅದಕ್ಕೂ ಮುಂಚೆ ಅಪ್ಪ ಹಗ್ಗ ಹಿಡಿದು ಇಳಿದು ದೊಡ್ಡಯ್ಯನನ್ನು ಬಿದಿರಿನ ಮಂಕರಿಯಲ್ಲಿ ಮೇಲೆ ತಂದು ನಮ್ಮ ಹಿತ್ತಲಿನ ಸಿಮೆಂಟ್ ತೊಟ್ಟಿಗೆ ಬಿಟ್ಟಿದ್ದ. ಹೊಲ ಮಾರುವುದು ಅಜ್ಜಿಗೆ ಸುತರಾಂ ಇಷ್ಟವಿರಲಿಲ್ಲ. ಬಾವಿಗೆ ಮಣ್ಣು ಬಿದ್ದಂದಿನಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಏನೇ ಇದ್ದರೂ ನನ್ನ ಮೂಲಕ.

"ನಿಮ್ಮಪ್ಪಂಗೆ ಯೋಳವ್ವ, ಮುದ್ದೆ ಆರೋಯ್ತದೆ ಅಂತ."

ಅಪ್ಪ ಎದುರಿಗೇ ಕೂತಿರುತ್ತಿದ್ದ. "ಬಂದೆ ಅಂತ ಹೇಳು ನಿಮ್ಮಜ್ಜಿಗೆ," ಎನ್ನುತ್ತಿದ್ದ ತಲೆ ಎತ್ತದೆ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ತೊಟ್ಟಿಯ ಕಡೆ ಹೋದೆ. ದೊಡ್ಡಯ್ಯ ಓರೆಯಾಗಿ ತೇಲುತ್ತಿದ್ದ. ಒಂದು ಮಗ್ಗುಲು ನೀರಿನೊಳಗೆ, ಇನ್ನೊಂದು ಮೇಲೆ. ಮುಳುಗಲೆಂದು ಕಾಲು ಬಡಿಯುತ್ತಿದ್ದ, ಆಗುತ್ತಿರಲಿಲ್ಲ. ನಿಂತಲ್ಲೇ ಗಿರ್ರನೆ ಸುತ್ತುತ್ತಿದ್ದ. ಮೂಗಿನಲ್ಲಿ ನೊರೆ ನೊರೆ ಗುಳ್ಳೆ. ಕತ್ತು ಚಾಚಿ ಬಾಯಿ ತೆರೆದು ಉಸಿರೆಳೆದಾಗ ಸಣ್ಣ ಸೀಟಿಯಂಥ ಸದ್ದು.

ನಾನು ಕೂಗಿಕೊಂಡೆ. ಎಲ್ಲರೂ ಬಂದರು. ಅಜ್ಜಿ ತೊಟ್ಟಿಯ ಅಂಚು ಹಿಡಿದು ಕೂತು, ಯಾರಿಗೂ ಅಲ್ಲವೆಂಬಂತೆ ಹೇಳಿದಳು. "ಬಾವಿ ಓಯ್ತು. ಇನ್ನ ಇದೂ ಓಯ್ತದೆ."

ಅಪ್ಪನ ಮುಖ ಕಪ್ಪಿಟ್ಟಿತು. ಬಕೆಟ್ಟಿನೊಳಗೆ ಹಳೇ ಪಂಚೆ ಹಾಸಿ ದೊಡ್ಡಯ್ಯನನ್ನು ಮಲಗಿಸಿ, ಟಿವಿಎಸ್ ಒದ್ದ. "ಹತ್ತು, ಗಟ್ಟಿಯಾಗಿ ಹಿಡ್ಕೊ."

ಹೆಬ್ಬಾಳದ ಪಶು ಆಸ್ಪತ್ರೆಯಲ್ಲಿ ಒಂದು ಎಮ್ಮೆ, ನಾಕಾರು ನಾಯಿಗಳು, ಅವುಗಳ ನಡುವೆ ಬಕೆಟ್ ಅಪ್ಪಿಕೊಂಡ ನಾನು. ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. ಚಿಪ್ಪಿನೊಳಗೆ ಒಂದು ಕಡೆ ಕಪ್ಪಗಿತ್ತು, ಇನ್ನೊಂದು ಕಡೆ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು.

"ನ್ಯುಮೋನಿಯಾ. ತುಂಬಾ ಮುಂದುವರಿದಿದೆ," ಎಂದರು. "ಒಂದು ಕಡೆ ಗಾಳಿನೇ ತುಂಬ್ತಾ ಇಲ್ಲ, ಅದಕ್ಕೇ ವಾಲ್ತಾ ಇರೋದು."

"ಉಳ್ಕೊಳುತ್ತಾ ಮೇಡಂ?" ಎಂದ ಅಪ್ಪ.

"ಹೇಳಕ್ಕಾಗಲ್ಲ. ಇವು ಕಾಯಿಲೆ ಬೀಳೋದೂ ನಿಧಾನ, ಏಳೋದೂ ನಿಧಾನ. ಹೋಗ್ಬಿಟ್ಟಿದೆಯೋ ಇಲ್ವೋ ಅನ್ನೋದು ಎಷ್ಟೋ ಸಲ ನಮಗೇ ಬೇಗ ಗೊತ್ತಾಗಲ್ಲ."

ನೀರಿಗೆ ಬಿಡಕೂಡದು, ಬೆಚ್ಚಗಿಡಬೇಕು, ದಿನಕ್ಕೊಮ್ಮೆ ಕಾಲು ಮುಳುಗುವಷ್ಟೇ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಕೂರಿಸಬೇಕು, ದಿನ ಬಿಟ್ಟು ದಿನ ಇಂಜೆಕ್ಷನ್. "ಈ ಚಳೀಲಿ ಗಾಡಿ ಮೇಲೆ ತಂದು ತಂದು ಸಾಯಿಸ್ಬೇಡಿ. ಮನೇಲಿ ಸೂಜಿ ಹಾಕೋರು ಯಾರಾದ್ರೂ ಇದಾರಾ?"

ಅಪ್ಪ ನನ್ನ ಮುಖ ನೋಡಿದ.

"ಅಮ್ಮ ಹಾಕ್ತಾಳೆ," ಎಂದೆ. "ಅಜ್ಜಿಗೆ ಶುಗರ್ ಇದೆ. ದಿನಾ ಅವಳೇ ಹಾಕೋದು."

ಡಾಕ್ಟರಮ್ಮ ಮೊದಲ ಸಲ ನಕ್ಕರು. ಆಮೇಲೆ ಅಪ್ಪನ ಕಡೆ ತಿರುಗಿ, "ಇನ್ನೊಂದು ವಿಷಯ. ಕಾನೂನು ಪ್ರಕಾರ ಇದನ್ನ ಮನೇಲಿ ಸಾಕೋ ಹಾಗಿಲ್ಲ. ವಾಸಿಯಾದ್ರೆ ಕೆರೆಗೆ ಬಿಟ್ಬಿಡಿ," ಎಂದರು. ಅಪ್ಪ ತಲೆಯಾಡಿಸಿದ. ವಾಸಿಯಾದರೆ ಎಂಬ ಮಾತಿನಲ್ಲೇ ನಾನು ಸಿಕ್ಕಿಕೊಂಡಿದ್ದೆ. ಉಳಿದದ್ದು ತಲೆಗೆ ಇಳಿಯಲಿಲ್ಲ.

ಅಮ್ಮನಿಗೆ ಆಮೆಯ ನಾತ ಕಂಡರಾಗುತ್ತಿರಲಿಲ್ಲ. ಆದರೂ ಕೈ ತೊಳೆದು ಬಂದು ಸಿರಿಂಜ್ ಹಿಡಿದಳು. "ನಂಗೆ ಚುಚ್ಚಿ ಚುಚ್ಚಿ ಕಲ್ತವ್ಳೆ ಬುಡು," ಎಂದಳು ಅಜ್ಜಿ. ಮುಂಗಾಲು ಎಳೆದು ಹಿಡಿಯಬೇಕಾದವನು ಅಪ್ಪ. ಮಾರಿ ಹಬ್ಬದಲ್ಲಿ ಕೋಳಿಯ ಕತ್ತು ಒಂದೇ ಏಟಿಗೆ ಕತ್ತರಿಸುತ್ತಿದ್ದ ಆ ಕೈ ಎರಡು ಸಲ ಕಾಲು ಹಿಡಿದು ಬಿಟ್ಟುಬಿಟ್ಟಿತು. ಕೊನೆಗೆ ನಾನು ಹಿಡಿದೆ. ಮುಟ್ಟಿದರೆ ಸರಕ್ಕನೆ ಒಳಗೆಳೆದುಕೊಳ್ಳುತ್ತಿದ್ದ ದೊಡ್ಡಯ್ಯನ ಕಾಲು ಒದ್ದೆ ಬಟ್ಟೆಯ ಹಾಗೆ ಸುಮ್ಮನೆ ಈಚೆ ಬಂತು. ನನಗೆ ಹೆದರಿಕೆಯಾಗಿದ್ದು ಸೂಜಿಗಲ್ಲ, ಅದಕ್ಕೆ.

ಅಡುಗೆಮನೆಯ ಮೂಲೆಯಲ್ಲಿ ಮಂಕರಿ ಬೋರಲು ಹಾಕಿ, ಒಳಗೊಂದು ಬಲ್ಬ್ ಇಳಿಬಿಟ್ಟೆವು. ಕರೆಂಟ್ ಹೋದಾಗೆಲ್ಲ ಮನೆಯವರೆಲ್ಲರ ಕಣ್ಣೂ ಆ ಮೂಲೆಗೇ. ಅಜ್ಜಿ ಮರಳು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಚಿಪ್ಪಿನ ಸುತ್ತ ಜೋಡಿಸುತ್ತಿದ್ದಳು. ತಣ್ಣಗಾದವನ್ನು ನಾನು ಒಲೆಯ ಹತ್ತಿರ ಒಯ್ಯುತ್ತಿದ್ದೆ. ಬೀದಿಯಲ್ಲಿ ಗೆಳತಿಯರು ಕುಂಟೆಬಿಲ್ಲೆ ಆಡುವ ಗದ್ದಲ ಕೇಳುತ್ತಿತ್ತು. ನಾನು ಹೋಗಲಿಲ್ಲ. ಹೋದರೆ ಆ ಹೊತ್ತಿಗೇ ಏನಾದರೂ ಆಗಿಬಿಡುತ್ತದೆ ಎನಿಸುತ್ತಿತ್ತು. ಮುದ್ದೆ, ಸೊಪ್ಪು, ಮೀನಿನ ಚೂರು, ಏನಿಟ್ಟರೂ ದೊಡ್ಡಯ್ಯ ಮೂಸಲಿಲ್ಲ. ಕಣ್ಣು ಗುಳಿ ಬಿದ್ದವು.

ಸಂಕ್ರಾಂತಿ ಹತ್ತಿರವಿತ್ತು. ಎಳ್ಳು ಹುರಿಯುವ ವಾಸನೆಗೆ ಎಚ್ಚರವಾಗಿ ಬಂದು ಮಂಕರಿ ಎತ್ತಿದೆ. ದೊಡ್ಡಯ್ಯನ ಕತ್ತು ಉದ್ದಕ್ಕೆ ನೆಲದ ಮೇಲೆ ಚೆಲ್ಲಿತ್ತು. ತಟ್ಟಿದೆ. ಅಲುಗಲಿಲ್ಲ. ಅಜ್ಜಿ ಬಂದು ಕಣ್ಣಿನ ರೆಪ್ಪೆ ಮುಟ್ಟಿದಳು, ಅದೂ ಮಿಸುಕಲಿಲ್ಲ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಗುದ್ದಲಿ ತೆಗೆದುಕೊಂಡು ಹಿತ್ತಲಿನ ನುಗ್ಗೆಮರದ ಕಡೆ ನಡೆದ.

ಅಮ್ಮ ಎಳ್ಳಿನ ಬಾಣಲೆ ಇಳಿಸಿ, ಕೈ ತೊಳೆದು, ಸಿರಿಂಜ್ ತಂದಳು.

"ಇವತ್ತು ಇಂಜೆಕ್ಷನ್ ದಿನ."

"ಬುಡೇ, ಓಗಿರೋದನ್ನ ಯಾಕ್ ಚುಚ್ಚೀಯ?" ಅಜ್ಜಿಯ ದನಿ ಒಡೆದಿತ್ತು.

"ಹೋಗಿದೆಯೋ ಇಲ್ವೋ ಬೇಗ ಗೊತ್ತಾಗಲ್ಲ ಅಂದಿಲ್ವಾ ಡಾಕ್ಟ್ರು? ಹಿಡ್ಕೊಳೇ ಕಾಲು," ಎಂದಳು ಅಮ್ಮ ನನಗೆ.

ಹಿಡಿದುಕೊಂಡೆ. ಸೂಜಿ ಒಳಗೆ ಹೋಯಿತು. ಏನೂ ಆಗಲಿಲ್ಲ. ಅಮ್ಮ ಔಷಧಿಯನ್ನು ಎಂದಿನಂತೆ ನಿಧಾನವಾಗಿ ಬಿಟ್ಟಳು. ಹಿತ್ತಲಿನಿಂದ ಗುದ್ದಲಿ ನೆಲಕ್ಕೆ ಬೀಳುವ ಸದ್ದು. ಮತ್ತೊಂದು ಸಲ. ಅಮ್ಮ ಸೂಜಿ ಹೊರಗೆಳೆದಾಗ ನನ್ನ ಬೆರಳಿನ ಕೆಳಗೆ ಏನೋ ಮಿಸುಕಿದಂತಾಯಿತು. ಇರುವೆ ಹರಿದಷ್ಟು. ನನ್ನ ಕೈಯೇ ನಡುಗಿತೇನೋ ಎಂದುಕೊಂಡೆ. ಮತ್ತೆ ಆಯಿತು. ಈ ಸಲ ಅಮ್ಮನಿಗೂ ಕಂಡಿತು.

ನಾನು ಹಿತ್ತಲಿಗೆ ಓಡಿದೆ. "ಅಪ್ಪಾ, ತೋಡ್ಬೇಡ! ತೋಡ್ಬೇಡ!"

ಅಪ್ಪ ಗುದ್ದಲಿ ಎತ್ತಿದವನು ಹಾಗೇ ನಿಂತುಬಿಟ್ಟ. ಆಮೇಲೆ ಅದನ್ನು ದೂರ ಎಸೆದು ಅಲ್ಲೇ ಮಣ್ಣಿನ ಮೇಲೆ ಕುಕ್ಕರಿಸಿದ.

ಅಲ್ಲಿಂದಾಚೆಗೂ ನಿಶ್ಚಿಂತೆಯೇನೂ ಇರಲಿಲ್ಲ. ದೊಡ್ಡಯ್ಯ ಒಂದು ದಿನ ಕಣ್ಣು ಬಿಟ್ಟರೆ ಮರುದಿನ ಮತ್ತೆ ಮುಚ್ಚುತ್ತಿದ್ದ. ಆದರೆ ಹಬ್ಬ ಕಳೆದ ಮೇಲೊಂದು ಬೆಳಿಗ್ಗೆ ನಾನು ಕಾಲು ಎಳೆದಾಗ ಅವನು ಸರಕ್ಕನೆ ಒಳಗೆಳೆದುಕೊಂಡ. ಉಗುರು ಗೀರಿ ನನ್ನ ಮಣಿಕಟ್ಟಿನಲ್ಲಿ ರಕ್ತ ಬಂತು. "ಅಮ್ಮಾ, ಪರಚ್ದ! ಪರಚ್ದ!" ಎಂದು ಮನೆಯೆಲ್ಲ ಕುಣಿದೆ. ಅದೇ ವಾರ, ಅಪ್ಪ ತಂದ ಎರೆಹುಳುವನ್ನು ದೊಡ್ಡಯ್ಯ ಗಬಕ್ಕನೆ ಕಚ್ಚಿದ.

ನೀರಿಗಿಳಿಸಿ ನೋಡಿ ಎಂದು ಡಾಕ್ಟರಮ್ಮ ಹೇಳಿದ ದಿನ ದೊಡ್ಡ ಟಬ್ಬಿಗೆ ನೀರು ತುಂಬಿ ಬಿಸಿಲಿಗಿಟ್ಟೆವು. ಅಪ್ಪ ಎರಡೂ ಕೈಯಲ್ಲಿ ಹಿಡಿದು ಇಳಿಸಿ ಕೈ ಬಿಟ್ಟ. ದೊಡ್ಡಯ್ಯ ವಾಲಿದ. ಅಜ್ಜಿ "ಅಯ್ಯೋ" ಎಂದಳು. ಕಾಲು ಬಡಿದ, ಇನ್ನಷ್ಟು ವಾಲಿದ. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ನೀರಿನ ಮೇಲೆ ಸಣ್ಣ ಗುಳ್ಳೆಗಳ ಸಾಲು ಮಾತ್ರ ಇತ್ತು. ಬಗ್ಗಿ ನೋಡಿದರೆ ತಳದಲ್ಲಿ ದೊಡ್ಡಯ್ಯ, ಸಮವಾಗಿ, ಕಲ್ಲಿಟ್ಟ ಹಾಗೆ ಕೂತಿದ್ದ. ಮುಳುಗಿದ್ದ!

ಅಜ್ಜಿ ನೀರನ್ನೇ ನೋಡುತ್ತಿದ್ದಳು. ಆಮೇಲೆ ತಲೆ ಎತ್ತದೆ ಕೇಳಿದಳು.

"ಕಾಪಿ ಕುಡೀತೀಯೇನ್ಲಾ?"

ನಾನು ಅಭ್ಯಾಸಬಲದಿಂದ ಅಪ್ಪನಿಗೆ ಹೇಳಲು ಬಾಯಿ ತೆರೆದೆ. ಅಮ್ಮ ನನ್ನ ಭುಜ ಅಮುಕಿದಳು.

"ಹ್ಞೂಂ ಕಣವ್ವ," ಎಂದ ಅಪ್ಪ. ಅಷ್ಟೇ.

ಬೇಸಿಗೆಯ ಬಿಸಿಲು ಬಲಿತ ಮೇಲೆ ದೊಡ್ಡಯ್ಯನನ್ನು ಜಕ್ಕೂರು ಕೆರೆಗೆ ಒಯ್ದೆವು. ಬಿಡಬೇಡಿ ಎಂದು ನಾನು ದಾರಿಯುದ್ದಕ್ಕೂ ಅತ್ತೆ. "ಬುಡವ್ವ, ತೊಟ್ಟೀಲಿ ಎಷ್ಟಂತ ಇರ್ತದೆ? ಅದ್ಕೂ ಆಳ ಬೇಕು," ಎಂದಳು ಅಜ್ಜಿ. ದಡದ ಕೆಸರಿನಲ್ಲಿ ಬಿಟ್ಟಾಗ ದೊಡ್ಡಯ್ಯ ಕತ್ತು ಎತ್ತಿ ಒಂದು ಗಳಿಗೆ ನಿಂತ. ಆಮೇಲೆ ಜೊಂಡಿನ ನಡುವೆ ಜಾರಿಹೋದ.

ಈಗ ಕೆರೆಯ ಸುತ್ತ ನಡೆಯುವ ಹಾದಿ ಇದೆ, ಬೆಂಚುಗಳಿವೆ. ಊರಿನಲ್ಲಿ ಅವರೆಕಾಯಿ ಸುಲಿದೇ ಸಿಗುತ್ತದೆ. ಅದೆಲ್ಲ ಬದಲಾಗುವಂಥದ್ದೇ, ನನಗೆ ಬೇಸರವಿಲ್ಲ. ಆದರೆ ಮನೆಯವರೆಲ್ಲ ಹಾಗೆ ಒಂದು ಜೀವದ ಸುತ್ತ ಉಸಿರು ಬಿಗಿಹಿಡಿದು ಕೂತದ್ದು ಆ ಚಳಿಗಾಲವೇ ಕೊನೆ. ಮುಂದೆ ಅಜ್ಜಿ ಕಾಯಿಲೆ ಬಿದ್ದು ಮಲಗಿದಾಗ, ಆಮೇಲೆ ಅಪ್ಪ ಮಲಗಿದಾಗ, ಅವರು ಆಸ್ಪತ್ರೆಯ ಗಾಜಿನ ಬಾಗಿಲಿನಾಚೆ ಇದ್ದರು. ನಾನೂ ಅಮ್ಮನೂ ಈಚೆ ಕುರ್ಚಿಗಳ ಮೇಲೆ. ಒಳಗಿದ್ದವರು ತಮ್ಮ ಕೆಲಸ ಚೆನ್ನಾಗಿಯೇ ಮಾಡಿದರು. ಬಂದು ಸ್ವಲ್ಪ ಹಿಡಿದುಕೋ ಎಂದು ಮಾತ್ರ ಯಾರೂ ನನ್ನನ್ನು ಕರೆಯಲಿಲ್ಲ.